ವಿಮಾನದಲ್ಲಿ ಬೇಟೆಯ ರೈಫಲ್: ಪೆಟ್ಟಿಗೆಗಿಂತ ಮೊದಲು ಕಾಗದ ಸರಿಯಿರಲಿ

ರೈಫಲ್ ಹಿಡಿದು ವಿದೇಶಕ್ಕೆ ಹೊರಟವರು ಪೆಟ್ಟಿಗೆಯ ವಿಷಯದಲ್ಲಿ ಅಷ್ಟಾಗಿ ಎಡವುವುದಿಲ್ಲ. ಗಟ್ಟಿ ಪೆಟ್ಟಿಗೆ, ದಪ್ಪ ಬೀಗ ಎಲ್ಲ ತಂದಿರುತ್ತಾರೆ. ಆದರೆ ಫಾರಂನಲ್ಲಿ ಸೊನ್ನೆ ಇರಬೇಕಾದ ಕಡೆ ‘ಓ’ ಅಕ್ಷರ ಕೂತಿರುತ್ತದೆ. ಉಕ್ಕಿನ ಮೇಲಿರುವ ಸಂಖ್ಯೆಗೂ ಕಾಗದದ ಸಂಖ್ಯೆಗೂ ತಾಳೆಯಾಗದಿದ್ದರೆ ಆ ರೈಫಲ್ ನಿಮ್ಮದಲ್ಲ ಎಂದೇ ಪೊಲೀಸರ ಲೆಕ್ಕ. ಇಲ್ಲಿ ಅಮೆರಿಕದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ದಾರಿಯನ್ನು ಉದಾಹರಣೆಗೆ ಇಟ್ಟುಕೊಂಡಿದೆ. ಬೇರೆ ದೇಶಗಳಿಗೆ ಫಾರಂ ಬದಲಾಗುತ್ತದೆ, ಮಾಡಬೇಕಾದ ಕ್ರಮ ಹೆಚ್ಚುಕಡಿಮೆ ಇದೇ.

1. ಟಿಕೆಟ್‌ಗೆ ಮುಂಚೆ ದಾರಿ

ಅಗ್ಗದ ಟಿಕೆಟ್ ಅಂದರೆ ಸಾಮಾನ್ಯವಾಗಿ ಎರಡು ಕಡೆ ವಿಮಾನ ಬದಲಿಸುವ ಟಿಕೆಟ್. ರೈಫಲ್ ಇದ್ದಾಗ ಅದೇ ದುಬಾರಿಯಾಗಬಹುದು. ನೀವು ನಿಲ್ದಾಣದಿಂದ ಹೊರಬರದೆ ಸುಮ್ಮನೆ ಹಾದುಹೋಗುವ ದೇಶವೂ ಅನುಮತಿ ಕೇಳಬಹುದು. ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುವವರು ಡಚ್ ಕಸ್ಟಮ್ಸ್‌ನ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಇನ್ನೂ ಕಷ್ಟ. ನಡುದಾರಿಯಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಬೇಕಾಗುತ್ತದೆ. ಬಿಡಿಸಿಕೊಂಡ ಕ್ಷಣಕ್ಕೆ ಆ ದೇಶದೊಳಗೆ ಬಂದೂಕು ತಂದಂತೆ.

ನೇರ ವಿಮಾನ ಸಿಕ್ಕರೆ ಹೆಚ್ಚು ಕೊಟ್ಟಾದರೂ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ, ರಾತ್ರಿ ತಂಗುವ ನಿಲುಗಡೆ ಬೇಡ. ಟಿಕೆಟ್ ಕೊಂಡ ದಿನವೇ ವಿಮಾನ ಕಂಪನಿಗೆ ಫೋನ್ ಮಾಡಿ ರೈಫಲ್ ಮತ್ತು ತೋಟಾ ಎರಡನ್ನೂ ಬುಕಿಂಗ್‌ನಲ್ಲಿ ಬರೆಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ‘ಆಯ್ತು ಸರ್’ ಅಂದದ್ದು ಕೌಂಟರಿನಲ್ಲಿ ನಡೆಯುವುದಿಲ್ಲ. ಒಂದು ವಾರದ ಬೇಟೆಗೆ ಮೂರು ವಿಮಾನ ಬದಲಿಸಬೇಕಿದ್ದರೆ ರೈಫಲ್ ಮನೆಯಲ್ಲೇ ಬಿಟ್ಟು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದು ವಾಸಿ.

2. ಕಾಗದಪತ್ರ

ಕೆಡುವುದು ಇಲ್ಲೇ. ಅದಕ್ಕೇ ನಿಧಾನವಾಗಿ ನೋಡೋಣ.

ಅಮೆರಿಕದಿಂದ ಹೊರಡುವವರಿಗೆ ಮೊದಲು ಬೇಕಾದದ್ದು ಅಲ್ಲಿಯ ಕಸ್ಟಮ್ಸ್ ಇಲಾಖೆಯ (ಸಿಬಿಪಿ) 4457 ಫಾರಂ. ಈ ವಸ್ತು ದೇಶ ಬಿಡುವ ಮೊದಲೇ ನಿಮ್ಮ ಬಳಿ ಇತ್ತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ, ಲೈಸೆನ್ಸ್ ಅಲ್ಲ. ಆದರೆ ದಕ್ಷಿಣ ಆಫ್ರಿಕಾದ ಪೊಲೀಸರು ಇದನ್ನೇ ಮಾಲೀಕತ್ವದ ದಾಖಲೆಯಾಗಿ ನೋಡುತ್ತಾರೆ. ಖಾಲಿ ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಕಸ್ಟಮ್ಸ್ ಕಚೇರಿಗೆ ಒಯ್ಯಬೇಕು, ಅಧಿಕಾರಿ ಸಂಖ್ಯೆ ನೋಡಿ ಸಹಿ ಮಾಡಿ ಮೊಹರು ಒತ್ತುತ್ತಾರೆ. ಹೋಗುವ ಮೊದಲು ಫೋನ್ ಮಾಡಿ, ಬಂದೂಕು ತರುತ್ತಿರುವುದಾಗಿ ಹೇಳಿ. ವಿಮಾನ ಹತ್ತುವ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ; ಅಧಿಕಾರಿ ಊಟಕ್ಕೆ ಹೋದರೂ ನಿಮ್ಮ ವಿಮಾನ ತಪ್ಪುತ್ತದೆ.

ಸಂಖ್ಯೆ ಬರೆಯುವಾಗ ನೆನಪಿನಿಂದಾಗಲಿ, ಅಂಗಡಿಯ ರಸೀದಿ ನೋಡಿಯಾಗಲಿ ಬರೆಯಬೇಡಿ. ಟಾರ್ಚನ್ನು ಓರೆಯಾಗಿ ಹಿಡಿದು, ರಿಸೀವರ್ (ನಳಿಗೆ ಕೂರುವ ರೈಫಲ್‌ನ ನಡುಭಾಗ) ಮೇಲೆ ಕೊರೆದಿರುವುದನ್ನೇ ಓದಿ. 0 ಮತ್ತು ಓ, 1 ಮತ್ತು ಐ, 8 ಮತ್ತು ಬಿ ಹಳೆಯ ರೈಫಲ್‌ಗಳಲ್ಲಿ ಅವಳಿ ಮಕ್ಕಳಂತೆ ಕಾಣುತ್ತವೆ. ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ, ಕಳಚಬಹುದಾದ ಭಾಗ) ಮೇಲೆ ಬೇರೆ ಸಂಖ್ಯೆ ಇರಬಹುದು, ಅದನ್ನು ಬರೆದು ಕೆಟ್ಟವರಿದ್ದಾರೆ. ಸಂಖ್ಯೆಯ ಫೋಟೊ ತೆಗೆದು ದೊಡ್ಡದು ಮಾಡಿ, ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ.

ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ಎಂಬುದನ್ನು ಪೂರ್ತಿ ಬರೆಯಿರಿ. ಬರೀ ‘.300’ ಅಂದರೆ ವಿಂಚೆಸ್ಟರ್ ಮ್ಯಾಗ್ನಮ್ಮೋ ವೆದರ್‌ಬಿಯೋ? ನಳಿಗೆಯ ಮೇಲಿನ ಬರಹ, ಫಾರಂನ ಬರಹ, ತೋಟಾದ ಹಿಂಬದಿಯಲ್ಲಿ ಒತ್ತಿರುವ ಬರಹ, ಮೂರೂ ಒಂದೇ ಆಗಿರಬೇಕು. ಮನೆಯಲ್ಲೇ ತೋಟಾ ತುಂಬುವವರು ಒಂದು ಕ್ಯಾಲಿಬರ್‌ನ ಹಿತ್ತಾಳೆ ಕೋಶವನ್ನು ಇನ್ನೊಂದಕ್ಕೆ ತಿದ್ದಿಕೊಂಡಿದ್ದರೆ ಅಂಥವನ್ನು ಮನೆಯಲ್ಲೇ ಬಿಡಿ. ಕೌಂಟರಿನ ಅಧಿಕಾರಿಗೆ ಆ ಕಥೆ ಹೇಳಿ ಒಪ್ಪಿಸಲಾಗದು.

4457ರ ಮೂಲೆಯಲ್ಲಿ ಒಂದು ಅವಧಿ ದಿನಾಂಕ ಮುದ್ರಿಸಿರುತ್ತಾರೆ. ಅದು ಫಾರಂನ ಆ ಮುದ್ರಣಕ್ಕೆ ಸಂಬಂಧಿಸಿದ್ದು, ನಿಮ್ಮ ರೈಫಲ್‌ಗಲ್ಲ. ಹೊರದೇಶದ ಪೊಲೀಸರಿಗೆ ಅದು ಲೈಸೆನ್ಸ್ ಮುಗಿದ ದಿನದಂತೆ ಕಾಣುತ್ತದೆ. ಆ ದಿನಾಂಕ ಕಳೆದಿದ್ದರೆ ವಾದ ಬೇಡ, ಹೊಸ ಫಾರಂ ಮಾಡಿಸಿ. ಖಾಲಿ ಉಳಿದ ಸಾಲುಗಳಿಗೆ ಗೆರೆ ಹೊಡೆಯಿರಿ. ಸ್ಕೋಪ್ (ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು), ದುರ್ಬೀನುಗಳನ್ನೂ ಅದರಲ್ಲೇ ಸೇರಿಸಬಹುದು. ಕಸ್ಟಮ್ಸ್‌ನವರು ಪ್ರತಿ ಇಟ್ಟುಕೊಳ್ಳುವುದಿಲ್ಲ, ಕಳೆದರೆ ಕಳೆದಂತೆಯೇ. ಮೂರು ಪ್ರತಿ ತೆಗೆದು ಮೂರು ಕಡೆ ಇಡಿ.

ಅಮೆರಿಕದ ಪ್ರಜೆಗಳು, ಕಾಯಂ ನಿವಾಸಿಗಳು ಬೇರೆ ರಫ್ತು ಲೈಸೆನ್ಸ್ ಇಲ್ಲದೆ ಮೂರು ಬಂದೂಕು, 1,000 ತೋಟಾವರೆಗೆ ಸ್ವಂತಕ್ಕೆ ಒಯ್ಯಬಹುದು. ಹೊರಡುವಾಗ ಕಸ್ಟಮ್ಸ್‌ಗೆ ತಿಳಿಸಬೇಕು. ಈ ವಿನಾಯಿತಿ ನೋಡಿಕೊಂಡು ರಾತ್ರಿ ಕಾಣುವ ಸ್ಕೋಪ್, ಥರ್ಮಲ್ ಸ್ಕೋಪ್ ತುರುಕಬೇಡಿ. ಅವುಗಳ ರಫ್ತಿಗೆ ಬೇರೆಯೇ ಕಟ್ಟುಪಾಡುಗಳಿವೆ.

ಇನ್ನು ದಕ್ಷಿಣ ಆಫ್ರಿಕಾ ಪೊಲೀಸರ ಎಸ್‌ಎಪಿಎಸ್ 520, ಅಲ್ಲಿಗೆ ಬಂದೂಕು ತರಲು ತುಂಬುವ ಅರ್ಜಿ ಫಾರಂ. ಕಪ್ಪು ಶಾಯಿಯಲ್ಲೇ ತುಂಬಿ. ಸಹಿ ಮಾತ್ರ ಈಗ ಬೇಡ. ಅದನ್ನು ಅಲ್ಲಿಯ ಪೊಲೀಸರ ಎದುರಿಗೇ ಹಾಕಬೇಕು. ಎಲ್ಲ ಅಚ್ಚುಕಟ್ಟಾಗಿ ತುಂಬಿ ಕೊನೆಯಲ್ಲಿ ಸಹಿಯನ್ನೂ ಎಳೆದು ತರುವವರು ಅಲ್ಲಿ ನಿಂತು ಹೊಸ ಫಾರಂ ತುಂಬುತ್ತಾರೆ. ಜೊತೆಗೆ ಪಾಸ್‌ಪೋರ್ಟ್ ಪ್ರತಿ, ವಾಪಸ್ ಟಿಕೆಟ್, 4457, ಬೇಟೆ ನಡೆಸುವವರ ಆಹ್ವಾನ ಪತ್ರ. ಒಂದು ಕ್ಯಾಲಿಬರ್‌ಗೆ ಒಂದೇ ರೈಫಲ್, ಪ್ರತಿ ರೈಫಲ್‌ಗೆ 200 ತೋಟಾ ಮಿತಿ. ಸೆಮಿ ಆಟೊಮ್ಯಾಟಿಕ್ (ಒಂದು ಹಾರಿದ ಮೇಲೆ ಮುಂದಿನ ತೋಟಾ ತಾನಾಗಿಯೇ ತುಂಬಿಕೊಳ್ಳುವ ಬಂದೂಕು) ತರಬೇಡಿ. ಹಣ ಪಡೆದು ಪೂರ್ವಾನುಮತಿ ಮಾಡಿಸಿಕೊಡುವವರಿದ್ದಾರೆ. ಈ ದಾರಿಯಲ್ಲಿ ನನಗೆ ಒಪ್ಪಿಗೆಯಾಗುವ ಅಡ್ಡದಾರಿ ಅದೊಂದೇ.

ಕೆನಡಾಕ್ಕೂ ಸಹಿಯ ನಿಯಮ ಇದೇ: ಅಲ್ಲಿಯ ಕೇಂದ್ರ ಪೊಲೀಸರ ಆರ್‌ಸಿಎಂಪಿ 5589 ಫಾರಂಗೆ ಸಹಿ ಬೀಳುವುದು ಗಡಿಯ ಅಧಿಕಾರಿಯ ಎದುರಿಗೆ. ಶುಲ್ಕ 25 ಕೆನಡಾ ಡಾಲರ್, 60 ದಿನ ನಡೆಯುತ್ತದೆ. ಐರೋಪ್ಯ ಒಕ್ಕೂಟದೊಳಗಿನ ನಿವಾಸಿಗಳಿಗೆ ಯುರೋಪಿಯನ್ ಫೈರ್‌ಆರ್ಮ್ಸ್ ಪಾಸ್ ಇದೆ. ಬ್ರಿಟನ್‌ಗೆ ಹೋಗುವವರ ಪರವಾಗಿ ಅಲ್ಲಿಯ ಪ್ರಾಯೋಜಕರೇ ಪೊಲೀಸರಿಗೆ ಅರ್ಜಿ ಹಾಕಬೇಕು.

3. ಪೆಟ್ಟಿಗೆ

ಗಟ್ಟಿ ಪೆಟ್ಟಿಗೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ಪರೀಕ್ಷೆ ಮಾತ್ರ ಯಾರೂ ಮಾಡುವುದಿಲ್ಲ. ಬೀಗ ಹಾಕಿ, ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡಿ. ಬೆರಳು ಒಳಗೆ ತೂರುವಷ್ಟು ಬಾಯಿ ಬಿಟ್ಟರೆ ಆ ಪೆಟ್ಟಿಗೆ ವಿಮಾನಕ್ಕೆ ಲಾಯಕ್ಕಲ್ಲ. ಒಳಗೆ ಉಬ್ಬುತಗ್ಗಿನ ಸ್ಪಂಜು, ಹೊರಗೆ ಎರಡೇ ಪ್ಲಾಸ್ಟಿಕ್ ಕೊಂಡಿ ಇರುವ ಅಗ್ಗದ ಪೆಟ್ಟಿಗೆಗಳು ಇಲ್ಲೇ ಸೋಲುತ್ತವೆ. ಬೀಗದ ತೂತು ಎಷ್ಟಿವೆಯೋ ಅಷ್ಟಕ್ಕೂ ಬೀಗ ಹಾಕಿ, ಎಲ್ಲಕ್ಕೂ ಒಂದೇ ಕೀಲಿಕೈ ಇರಲಿ. ಅಮೆರಿಕದಲ್ಲಿ ಟಿಎಸ್‌ಎ (ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆ) ಮಾಸ್ಟರ್ ಕೀಲಿಗೆ ತೆರೆಯುವ ಬೀಗ ಹಾಕಲು ಅಡ್ಡಿಯಿಲ್ಲ, ಆದರೂ ಹಾಕಬೇಡಿ. ಕೀಲಿ ಪ್ರಯಾಣಿಕನ ಕೈಲಿ ಮಾತ್ರ ಇರಬೇಕೆಂಬುದು ಅಲ್ಲಿಯ ನಿಯಮದ ಮಾತು. ಊರೆಲ್ಲ ಕೀಲಿ ಇರುವ ಬೀಗದಿಂದ ಅದು ಹೇಗೆ ಆದೀತು?

ಗಾಳಿಯ ಒತ್ತಡ ತಾನಾಗಿಯೇ ಸರಿಹೋಗುವ ವಾಲ್ವ್ ಇದೆಯೇ ನೋಡಿ. ಇಲ್ಲದ ಬಿಗಿ ಪೆಟ್ಟಿಗೆಯ ಮುಚ್ಚಳ ಇಳಿದ ಮೇಲೆ ಅಂಟಿಕೊಂಡು ಕೂರುತ್ತದೆ. ಎರಡು ರೈಫಲ್ ಹಿಡಿಸುವ ಪೆಟ್ಟಿಗೆಯೇ 11–12 ಕಿಲೊ ತೂಗುತ್ತದೆ, ಸ್ಕೋಪ್ ಸಮೇತ ಒಂದೊಂದು ರೈಫಲ್ 4 ಕಿಲೊ. ಬೀಗಗಳೂ ಸೇರಿದರೆ ಸಾಮಾನ್ಯ ಮಿತಿಯಾದ 23 ಕಿಲೊಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಬೂಟು, ಜರ್ಕಿನ್ ತುರುಕುವ ಆಸೆ ಬಿಡಿ.

ಬೋಲ್ಟ್ ಕಳಚಿ ಕಾಲುಚೀಲದೊಳಗೆ ಸುತ್ತಿ ಅದೇ ಪೆಟ್ಟಿಗೆಯಲ್ಲಿಡಿ. ಕೈಚೀಲದಲ್ಲಿ ಬೋಲ್ಟ್ ಒಯ್ಯುವಂತಿಲ್ಲ. ಸ್ಕೋಪ್ ಕಳಚಬೇಡಿ, ರಿಂಗ್ ಸ್ಕ್ರೂಗಳ ತಲೆಯಿಂದ ರಿಂಗ್‌ವರೆಗೆ ಉಗುರುಬಣ್ಣದ ಒಂದು ಗೆರೆ ಎಳೆದರೆ ಇಳಿದ ಮೇಲೆ ಸ್ಕ್ರೂ ತಿರುಗಿದೆಯೇ ಎಂದು ಕಣ್ಣಿಗೇ ಕಾಣುತ್ತದೆ.

4. ತೋಟಾ

ವಿಮಾನಯಾನದ ಅಂತರರಾಷ್ಟ್ರೀಯ ನಿಯಮ ಒಬ್ಬರಿಗೆ 5 ಕಿಲೊ, ಡಬ್ಬಿಯ ತೂಕವೂ ಸೇರಿ. ಇಬ್ಬರ ಪಾಲನ್ನು ಒಂದೇ ಡಬ್ಬಿಯಲ್ಲಿ ಹಾಕುವಂತಿಲ್ಲ. .308 ತೋಟಾ ಒಂದಕ್ಕೆ ಸುಮಾರು 25 ಗ್ರಾಂ, .375 ಎಚ್ ಅಂಡ್ ಎಚ್‌ಗೆ 40ರ ಮೇಲೆ. ಅಂದರೆ 200 ತೋಟಾ ಅನುಮತಿ ಇದ್ದರೂ ವಿಮಾನದ ತಕ್ಕಡಿ ಅದಕ್ಕೆ ಮೊದಲೇ ನಿಲ್ಲಿಸುತ್ತದೆ. 60 ಸಾಕು: ಸ್ಕೋಪ್ ಸರಿಪಡಿಸಲು 10, ಉಳಿದವು ಬೇಟೆಗೆ.

ತೋಟಾಗಳು ಬಿಡಿಬಿಡಿಯಾಗಿರದೆ ತೋಟಾಕ್ಕೆಂದೇ ಮಾಡಿದ ಡಬ್ಬಿಯಲ್ಲಿ ಕೂತಿರಬೇಕು. ಆ ಡಬ್ಬಿಗೆ ಬೀಗ ಹಾಕಿ, ರೈಫಲ್ ಪೆಟ್ಟಿಗೆಯಲ್ಲಿಡದೆ ಚೆಕ್-ಇನ್ ಮಾಡುವ ಇನ್ನೊಂದು ಸೂಟ್‌ಕೇಸ್‌ನಲ್ಲಿಡಿ. ಅಮೆರಿಕದಲ್ಲಿ ಒಟ್ಟಿಗೆ ಇಡಲು ಬಿಡುತ್ತಾರೆ, ಇಳಿಯುವ ಕಡೆ ಬಿಡುವುದಿಲ್ಲ. ಬಿಡಿ ಮದ್ದು, ಪ್ರೈಮರ್ (ತೋಟಾದ ಹಿಂಬದಿಯ ಕಿಡಿ ಹೊತ್ತಿಸುವ ಗುಂಡಿ) ಯಾವ ಚೀಲದಲ್ಲೂ ಸಲ್ಲದು.

ಬೇಟೆಯ ಜರ್ಕಿನ್ ಅಥವಾ ಶೂಟಿಂಗ್‌ಗೆ ಒಯ್ಯುವ ಚೀಲವನ್ನು ಕೈಸಾಮಾನಾಗಿ ಹಿಡಿದು ಹೋಗಬೇಡಿ. ಅಸ್ತರಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ತೋಟಾ ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ. ಕೆಲವು ದೇಶಗಳಲ್ಲಿ ಅದಕ್ಕೇ ಬಂಧನ.

5. ಕೌಂಟರ್

ಮೂರು ತಾಸು ಮುಂಚೆ ಹೋಗಿ. ಕಿಯೋಸ್ಕ್ ಬೇಡ, ಮನುಷ್ಯರಿರುವ ಕೌಂಟರಿಗೇ ಹೋಗಿ. ‘ನನ್ನ ಹತ್ತಿರ ಗನ್ ಇದೆ’ ಎಂದು ಶುರುಮಾಡಬೇಡಿ. ‘ಚೆಕ್-ಇನ್ ಸಾಮಾನಿನಲ್ಲಿ ಖಾಲಿ ಬಂದೂಕು ಡಿಕ್ಲೇರ್ ಮಾಡಬೇಕಿದೆ’ ಎನ್ನಿ. ಕೇಳುವವರೆಗೆ ಪೆಟ್ಟಿಗೆ ತೆರೆಯಬೇಡಿ. ಬಂದೂಕು ಖಾಲಿ ಇದೆ ಎಂದು ನೀವು ಸಹಿ ಮಾಡಿದ ಚೀಟಿ ಪೆಟ್ಟಿಗೆಯ ಒಳಗೆ ಹೋಗುತ್ತದೆ. ಒಳಗೆ ಬಂದೂಕಿದೆ ಎಂದು ಸಾರುವ ಚೀಟಿಯನ್ನು ಹೊರಗೆ ಅಂಟಿಸುವುದು ಅಮೆರಿಕದ ಕಾನೂನಿಗೆ ವಿರುದ್ಧ. ಗೊತ್ತಿಲ್ಲದ ಸಿಬ್ಬಂದಿ ಅಂಟಿಸಲು ಬಂದರೆ ಮೆಲ್ಲಗೆ ಹೇಳಿ. ಟ್ಯಾಗ್ ಮೇಲೆ ಕೊನೆಯ ನಿಲ್ದಾಣದ ಸಂಕೇತವೇ ಇದೆಯೇ ಓದಿಕೊಳ್ಳಿ.

ಪೆಟ್ಟಿಗೆ ಬೆಲ್ಟ್ ಮೇಲೆ ಹೋಯಿತೆಂದು ಕಾಫಿಗೆ ನಡೆಯಬೇಡಿ. ಭದ್ರತಾ ಸಿಬ್ಬಂದಿ ‘ಆಯಿತು, ಹೋಗಿ’ ಅನ್ನುವವರೆಗೆ ಅಲ್ಲೇ ನಿಲ್ಲಿ. ತಪಾಸಣೆಗೆ ಕೀಲಿ ಬೇಕಾಗಿ, ನೀವು ಸಿಗದಿದ್ದರೆ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಕೀಲಿ ಕೊಟ್ಟರೆ ಮತ್ತೆ ಕೈಗೆ ಬರುವವರೆಗೆ ಕದಲಬೇಡಿ.

6. ಇಳಿದ ಮೇಲೆ, ಮರಳುವಾಗ

ಜೋಹಾನ್ಸ್‌ಬರ್ಗ್‌ನಲ್ಲಿ ಪೆಟ್ಟಿಗೆ ಮಾಮೂಲಿ ಬೆಲ್ಟ್ ಮೇಲೆ ಬರದಿದ್ದರೆ ಗಾಬರಿಯಾಗಬೇಡಿ, ಪೊಲೀಸರ ಬಂದೂಕು ಕಚೇರಿಯಲ್ಲಿ ವಿಚಾರಿಸಿ. ಅವರು ಬರೆದುಕೊಟ್ಟ ಪರವಾನಗಿಯ ಸಂಖ್ಯೆಯನ್ನು ಅಲ್ಲೇ ನಿಂತು ರೈಫಲ್ ಜೊತೆ ತಾಳೆ ನೋಡಿ. ಅವರ ಕೈತಪ್ಪೂ ಮರಳುವಾಗ ನಿಮ್ಮ ತಲೆಗೇ ಬರುತ್ತದೆ. ಬೇಟೆಗೆ ಇಳಿಯುವ ಮೊದಲು 100 ಮೀಟರ್‌ನಲ್ಲಿ ಮೂರು ಗುಂಡು ಹಾರಿಸಿ ಸ್ಕೋಪ್ ಪರೀಕ್ಷಿಸಿ.

ಹೊರಡುವ ಹಿಂದಿನ ರಾತ್ರಿ ಉಳಿದ ತೋಟಾ ಎಣಿಸಿ ಬರೆದಿಟ್ಟುಕೊಳ್ಳಿ, ಜರ್ಕಿನ್ ಜೇಬುಗಳನ್ನು ಇನ್ನೊಮ್ಮೆ ಒಳಹೊರಗು ಮಾಡಿ. ಪರವಾನಗಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರೆ ಕೌಂಟರಿನಲ್ಲಿ ಎಲ್ಲರೆದುರು ಬಿಚ್ಚಬೇಕಾಗುತ್ತದೆ. ಅಮೆರಿಕದಲ್ಲಿ ಇಳಿದಾಗ ಅದೇ 4457 ತೋರಿಸಿದರೆ ನಿಮ್ಮದೇ ರೈಫಲ್‌ಗೆ ಬೇರೆ ಆಮದು ಪರವಾನಗಿ ಬೇಕಿಲ್ಲ.