ಪಾತ್ರಿ ಏನು ಹೇಳಿದರು ಎಂದು ಕೇಳುವುದು

ಎಂ.ಎಸ್ಸಿ. ಸೈಕಾಲಜಿಯಲ್ಲಿ ರೋಗಲಕ್ಷಣಗಳ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಕುಂದಾಪುರದ ಕಡೆ ಆಪ್ತಸಮಾಲೋಚನೆಗೆ ಕೂತ ಮೇಲೆ ಹೆಚ್ಚು ಕೈಹಿಡಿದದ್ದು ಮಾನವಶಾಸ್ತ್ರ. ದಾರಿ ತೋರಿಸಿದ್ದು ಪಕ್ಕದ ಕೋಟದಲ್ಲೇ ನಡೆದ ಅಧ್ಯಯನ. ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ತೊಂದರೆಗಳನ್ನು ಅಳೆದರು. ಜೊತೆಗೆ ನಾಟಿವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬಂದು ನುಡಿ ಕೊಡುವ ಪಾತ್ರಿಗಳ ಕೆಲಸವನ್ನೂ ಗಮನವಿಟ್ಟು ನೋಡಿದರು. 1976ರಲ್ಲಿ ಅದು ಪುಸ್ತಕವಾಯಿತು. ಡಾಕ್ಟರ ಹತ್ತಿರ ಹೋದವರೇ ಪಾತ್ರಿಯ ಹತ್ತಿರವೂ ಹೋಗುತ್ತಾರೆ, ಎರಡಕ್ಕೂ ತಕರಾರಿಲ್ಲ ಎಂಬುದು ನನ್ನ ಮನಸ್ಸಿಗೆ ನಾಟಿತು.

ಹಾಗಾಗಿ ಮೊದಲ ಭೇಟಿಯಲ್ಲಿ ಅಂಕ ಹಾಕುವ ಪ್ರಶ್ನಾವಳಿ ತೆಗೆಯುವುದಿಲ್ಲ. ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ರೂಪಿಸಿದ ಪ್ರಶ್ನೆಗಳನ್ನು ನಮ್ಮ ಮಾತಿಗೆ ಒಗ್ಗಿಸಿ ಕೇಳುತ್ತೇನೆ. ಇದು ಯಾಕೆ ಬಂತು ಅನಿಸುತ್ತೆ? ಆಗಲೇ ಯಾಕೆ ಶುರುವಾಯ್ತು? ಇದರಲ್ಲಿ ನಿಮಗೆ ದೊಡ್ಡ ಹೆದರಿಕೆ ಯಾವುದು? ಕೊನೆಗೆ, ಮನೆಯವರು ಏನಂತಾರೆ?

ಒಬ್ಬ ಸೊಸೆಯನ್ನು ಅತ್ತೆ ಕರೆತಂದಿದ್ದರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ನಿದ್ದೆಯಿಲ್ಲ, ಎದೆಯಲ್ಲಿ ಭಾರ, ಮೈಯೆಲ್ಲ ಉರಿ. ಖಿನ್ನತೆಗೆ ಡಾಕ್ಟರು ಬರೆದ ಮಾತ್ರೆ ಅರ್ಧಕ್ಕೇ ನಿಂತಿತ್ತು. "ಪಾತ್ರಿ ಏನು ಹೇಳಿದ್ರು ಅಮ್ಮ?" ಎಂದು ಅತ್ತೆಯನ್ನು ಕೇಳಿದೆ. ಅಲ್ಲಿಯವರೆಗೆ ಸೆರಗಿನ ತುದಿ ಸುತ್ತುತ್ತ ಕೂತಿದ್ದವರು ಕುರ್ಚಿ ಮುಂದಕ್ಕೆಳೆದುಕೊಂಡರು. ನಾಗಬನ ಕಡಿದು ದಾರಿ ಮಾಡಿದ ದೋಷವಂತೆ, ನಾಗನಿಗೆ ಆಶ್ಲೇಷಾ ಬಲಿ ಎಂಬ ಪೂಜೆ ಆಗಬೇಕಂತೆ, ಅಲ್ಲಿತನಕ ವ್ರತ. ಆ ದಾರಿ ಬಿದ್ದದ್ದು ಅಣ್ಣತಮ್ಮಂದಿರ ಆಸ್ತಿ ಪಾಲಾದಾಗ. ಸೊಸೆಯ ನಿದ್ದೆ ಹೋದದ್ದೂ ಅದೇ ಜಗಳದ ದಿನಗಳಲ್ಲಿ. ಇದು ಯಾವ ಪ್ರಶ್ನಾವಳಿಯಲ್ಲೂ ಸಿಗುತ್ತಿರಲಿಲ್ಲ. "ವ್ರತದಗೆ ಮಾತ್ರಿ ತಿಂಬುಕ್ ಆತ್ತಾ?" ಅತ್ತೆಯ ಸಂಶಯ ಇಷ್ಟೇ. ಪಾತ್ರಿಯವರನ್ನೇ ಕೇಳಿ ಬನ್ನಿ ಅಂದೆ. ಅಡ್ಡಿಯಿಲ್ಲ ಎಂದರಂತೆ. ಮಾತ್ರೆ ಮತ್ತೆ ಶುರುವಾಯಿತು. ಪಾಲಾಗಿ ಬೇರೆಯಾದ ಮನೆಯವರನ್ನೂ ಆ ಪೂಜೆಗೆ ಕರೆದಿದ್ದರು. ನಮ್ಮ ಮುಂದಿನ ಮಾತೆಲ್ಲ ಆ ಜಗಳದ ಸುತ್ತಲೇ ನಡೆಯಿತು, ಅದೇ ಆಗಬೇಕಿತ್ತು ಕೂಡ.

ಆದರೆ ನಂಬಿಕೆಯ ಹೆಸರಲ್ಲಿ ಕಟ್ಟಿಹಾಕುವುದನ್ನು ನಾನು ಸಂಸ್ಕೃತಿ ಎಂದು ಒಪ್ಪುವುದಿಲ್ಲ. 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಹರಕೆ ನಂಬಿ ಮಾನಸಿಕ ಅಸ್ವಸ್ಥರನ್ನು ಬಿಟ್ಟಿದ್ದ ಆಶ್ರಯಮನೆಗೆ ಬೆಂಕಿ ಬಿದ್ದಾಗ ಸರಪಳಿಯಿಂದಾಗಿ ಓಡಲಾಗದೆ ಸತ್ತವರನ್ನು ಮರೆಯಲಾಗದು. ಆ ದುರಂತದಲ್ಲಿ ಹೋದ ಜೀವ 28. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಅಂಥ ಮನೆಯ ಸುದ್ದಿ ಬಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕರೆದುಕೊಂಡೇ ಹೋಗುತ್ತೇನೆ, ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟು ಬರುತ್ತೇನೆ.