ಸತು ಹುಡುಕಲು ಹೊರಟಾಗ ನಾನು ಮೊದಲು ಸೀಸ ನೋಡುತ್ತೇನೆ

ರಾಜಸ್ಥಾನದ ಭೀಲ್ವಾಡಾ ಸೀಮೆಯಲ್ಲಿ ಸತು-ಸೀಸದ ಅದಿರಿನ ಜಾಡು ಹಿಡಿದು ಅಲೆದವನು ನಾನು. ಅಲ್ಲಿನ ರಾಂಪುರಾ-ಆಗುಚಾ ನಿಕ್ಷೇಪ ಬೆಳಕಿಗೆ ಬಂದದ್ದು 1977ರಲ್ಲಿ, ಗಣಿ ಆರಂಭವಾದದ್ದು 1991ರಲ್ಲಿ. ಇಂದು ಅದು ಜಗತ್ತಿನ ಅತಿ ದೊಡ್ಡ ಸತು ಗಣಿಗಳಲ್ಲೊಂದು. ಸುಳಿವು ಕೊಟ್ಟದ್ದು ನೆಲದ ಮೇಲಿದ್ದ ಗಾಸನ್. ಸಲ್ಫೈಡ್ (ಗಂಧಕ ಬೆರೆತ) ಅದಿರು ಗಾಳಿ-ನೀರಿಗೆ ಸಿಕ್ಕಿ ಕೊಳೆತಾಗ ಉಳಿಯುವ ಕಂದು ಕಲ್ಲು ಅದು. ಪಕ್ಕದಲ್ಲೇ ಹಳೇ ಕಾಲದವರು ಲೋಹ ಕರಗಿಸಿ ಬಿಟ್ಟ ಕಿಟ್ಟವೂ ಇತ್ತು.

ಗಾಸನ್ ಓದುವುದೇ ಈ ಕೆಲಸದ ಜೀವಾಳ ಎಂದು ನಾನು ನಂಬಿದ್ದೇನೆ. ಅದಿರಿನ ಜೊತೆಗಿರುವ ಕಬ್ಬಿಣದ ಸಲ್ಫೈಡ್ ಆದ ಪೈರೈಟ್ ಕೊಳೆತರೆ ಗಂಧಕಾಮ್ಲ ಹುಟ್ಟುತ್ತದೆ. ಅದರಲ್ಲಿ ಸತು ಸುಲಭವಾಗಿ ಕರಗಿ ಮಳೆನೀರಿನೊಡನೆ ಹೊರಟುಹೋಗುತ್ತದೆ. ಸೀಸ ಹಾಗಲ್ಲ, ಸೆರುಸೈಟ್, ಆಂಗ್ಲಿಸೈಟ್ ಎಂಬ ಸುಲಭಕ್ಕೆ ಕರಗದ ಖನಿಜಗಳಾಗಿ ಇದ್ದಲ್ಲೇ ಕೂರುತ್ತದೆ. ಆದ್ದರಿಂದ ಮೇಲಿನ ಕಲ್ಲಿನ ವಿಶ್ಲೇಷಣೆಯಲ್ಲಿ ಸತು ತೀರಾ ಕಡಿಮೆ ಬಂದರೂ ನಾನು ಜಾಗ ಬಿಡುವುದಿಲ್ಲ. ಸೀಸ ಎದ್ದು ಕಂಡರೆ ಸಾಕು. ಕಲ್ಲನ್ನು ಒಡೆದು ಹೊಸ ಮುಖವನ್ನು ಲೆನ್ಸ್‌ನಲ್ಲಿ ನೋಡುತ್ತೇನೆ: ಸೀಸದ ಅದಿರಾದ ಗ್ಯಾಲೀನಾ ಕೊಳೆತುಹೋದ ಕಡೆ ಚೌಕಾಕಾರದ ಗೂಡುಗಳು ಉಳಿದಿರುತ್ತವೆ. ಬರೀ ಕಬ್ಬಿಣದ ಕಲೆ ಹತ್ತಿದ ಕಲ್ಲಿನಲ್ಲಿ ಈ ಗೂಡುಗಳಿರುವುದಿಲ್ಲ. ಜೊತೆಗೆ ಇಳಿಜಾರಿನ ಕೆಳಗಿನ ಮಣ್ಣನ್ನೂ ತೊರೆಯ ಹೂಳನ್ನೂ ಪರೀಕ್ಷೆಗೆ ಕಳಿಸುತ್ತೇನೆ. ತಪ್ಪಿಸಿಕೊಂಡ ಸತು ಅಲ್ಲೇನಾದರೂ ತಂಗಿದ್ದರೆ ಗೊತ್ತಾಗುತ್ತದೆ.

ಮುಂದಿನ ತೊಡಕು ಗ್ರಾಫೈಟ್. ಆಗುಚಾದ ಅದಿರು ಕೂತಿರುವುದೇ ಗ್ರಾಫೈಟ್, ಮೈಕಾ, ಸಿಲಿಮನೈಟ್ ಖನಿಜಗಳಿರುವ, ಪಟ್ಟೆಪಟ್ಟೆಯ ನೈಸ್ ಶಿಲೆಯಲ್ಲಿ. ಗ್ರಾಫೈಟ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಸತುವಿನ ಅದಿರಾದ ಸ್ಫ್ಯಾಲರೈಟ್ ಸಾಮಾನ್ಯವಾಗಿ ಹರಿಸುವುದಿಲ್ಲ. ಹಾಗಾಗಿ ನೆಲದಡಿ ವಿದ್ಯುತ್ ಹರಿಯುವ ಜಾಗ ಹುಡುಕುವ ವಿದ್ಯುತ್ ಸಮೀಕ್ಷೆಯೊಂದನ್ನೇ ನಂಬಿ ಕೊರೆದರೆ ಕಪ್ಪು ಗ್ರಾಫೈಟ್ ಮಾತ್ರ ಮೇಲೆ ಬರಬಹುದು. ನೆಲದಡಿಯ ಭಾರವಾದ ಕಲ್ಲನ್ನು ಗುರುತಿಸುವ ಗುರುತ್ವ ಸಮೀಕ್ಷೆ ಇಲ್ಲಿ ನೆರವಾಗುತ್ತದೆ. ಗ್ಯಾಲೀನಾದ ಸಾಂದ್ರತೆ ನೀರಿನ ಸುಮಾರು 7.5 ಪಟ್ಟು, ಸ್ಫ್ಯಾಲರೈಟ್‌ದು 4, ಗ್ರಾಫೈಟ್‌ದು 2.2. ಮಣ್ಣಿನ ಸೀಸ, ವಿದ್ಯುತ್, ಗುರುತ್ವ ಮೂರೂ ಒಂದೇ ಕಡೆ ಬೆರಳು ತೋರಿದಾಗಲೇ ಡ್ರಿಲ್ ಕೇಳುವುದು ನನ್ನ ಪದ್ಧತಿ.

ಕೊರೆದು ತೆಗೆದ ಕಲ್ಲಿನ ಕಂಬದಲ್ಲಿ (ಕೋರ್) ಕಬ್ಬಿಣ ಬೆರೆತ ಸ್ಫ್ಯಾಲರೈಟ್ ಕಡುಗಂದಾಗಿದ್ದು ಕಣ್ಣಿಗೆ ಮೋಸ ಮಾಡುತ್ತದೆ. ಚಾಕುವಿನಿಂದ ಕೆರೆದು ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಬಂದು ಸ್ಫ್ಯಾಲರೈಟ್ ಇರುವ ಸುಳಿವು ಸಿಗುತ್ತದೆ. ಇನ್ನು ಅದಿರಿನ ಪದರ ಕಡಿದಾಗಿ ಇಳಿದಿದ್ದರೆ ನೇರ ಕೆಳಕ್ಕೆ ಕೊರೆಯಬಾರದು, ಪದರದ ಉದ್ದಕ್ಕೇ ಸಾಗಿ ದಪ್ಪ ಸುಳ್ಳಾಗಿ ಹಿಗ್ಗುತ್ತದೆ. ಓರೆಯಾಗಿ ಅಡ್ಡ ಕೊರೆದು, ಕೋನ ಲೆಕ್ಕ ಹಾಕಿ, ನಿಜವಾದ ದಪ್ಪವನ್ನಷ್ಟೇ ದಾಖಲಿಸುತ್ತೇನೆ.