ಫೋನ್ ಬ್ಯಾಕಪ್ ಹಾರ್ಡ್‌ಡಿಸ್ಕ್‌ಗೆ ಹೋಗ್ತಾ ಇಲ್ವಾ? ಒಂದೊಂದಾಗಿ ನೋಡೋಣ

ಹೋದ ತಿಂಗಳು ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. "ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತಿದೆ ಕಣೋ, ಏನು ಡಿಲೀಟ್ ಮಾಡಲಿ?" ಅವಳ ಸಿ ಡ್ರೈವ್ ಇರೋದೇ 256 ಜಿಬಿ. ಅದರಲ್ಲಿ 60 ಜಿಬಿಗಿಂತ ಜಾಸ್ತಿ ಜಾಗವನ್ನು ಐಫೋನಿನ ಬ್ಯಾಕಪ್ ಒಂದೇ ತಿಂದು ಕೂತಿತ್ತು. ಪಕ್ಕದಲ್ಲೇ 1 ಟಿಬಿ ಹಾರ್ಡ್‌ಡಿಸ್ಕ್ ಖಾಲಿ ಬಿದ್ದಿದೆ, ಆದರೆ ಬ್ಯಾಕಪ್ ಅಲ್ಲಿಗೆ ಹೋಗಲಿ ಅಂತ ಹೇಳೋಕೆ ಬ್ಯಾಕಪ್ ತೆಗೆಯುವ ಆ್ಯಪ್‌ನಲ್ಲಿ (ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್) ಎಲ್ಲೂ ಜಾಗವೇ ಇಲ್ಲ.

ಆ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಅಮ್ಮನ ವಾಯ್ಸ್ ಮೆಸೇಜ್‌ಗಳಿವೆ. ಅಮ್ಮ ಈಗಿಲ್ಲ. ಹಾಗಾಗಿ ಅಂದಾಜಿನ ಮೇಲೆ ಏನನ್ನೂ ಮಾಡುವ ಹಾಗಿರಲಿಲ್ಲ. ಮುಂದಿನ ಭಾನುವಾರ ಅವಳ ಮನೆಗೆ ಹೋಗಿ, ಒಂದು ದಿನ ಪೂರ್ತಿ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ. ಆಂಡ್ರಾಯ್ಡ್ ಇಟ್ಟುಕೊಂಡವರಿಗೂ ಕೆಳಗೆ ಇದೆ.

ಮೊದಲು ಡಿಸ್ಕ್ ಯಾವ ಫಾರ್ಮ್ಯಾಟ್‌ನಲ್ಲಿದೆ ನೋಡಿ

ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತಿದ್ದರೆ ಎಲ್ಲರೂ ಮೊದಲು ಕೇಬಲ್ ಬದಲಾಯಿಸುತ್ತಾರೆ. ನಾನು ಮೊದಲು ನೋಡೋದು ಫಾರ್ಮ್ಯಾಟ್, ಅಂದರೆ ಡಿಸ್ಕ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದರೆ 'ಫೈಲ್ ಸಿಸ್ಟಮ್' ಅಂತ ಒಂದು ಸಾಲು ಕಾಣುತ್ತದೆ.

ಅಲ್ಲಿ ಫ್ಯಾಟ್32 ಅಂತ ಇದ್ದರೆ ತೊಂದರೆ ಅದೇ. ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಐಫೋನಿನಲ್ಲಿ 4ಕೆ, 60 ಫ್ರೇಮ್‌ನಲ್ಲಿ ವಿಡಿಯೊ ತೆಗೆದರೆ ನಿಮಿಷಕ್ಕೆ ಸುಮಾರು 400 ಎಂಬಿ ಆಗುತ್ತದೆ, ಅಂದರೆ ಮಗುವಿನ ನಾಮಕರಣದ ಹನ್ನೊಂದು ನಿಮಿಷದ ಒಂದು ವಿಡಿಯೊ ಸಾಕು, ಅಲ್ಲಿಗೆ ನಿಂತಿತು. ಡಿಸ್ಕ್‌ನಲ್ಲಿ 800 ಜಿಬಿ ಖಾಲಿ ಇದ್ದರೂ ಅದು 'ಫೈಲ್ ತುಂಬಾ ದೊಡ್ಡದು' ಅನ್ನುತ್ತದೆ. ಜನ ಡಿಸ್ಕ್ ಹಾಳಾಗಿದೆ ಅಂದುಕೊಂಡು ಹೊಸದು ತರುತ್ತಾರೆ. ಹಾಳಾಗಿರೋದಿಲ್ಲ.

ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ಫಾರ್ಮ್ಯಾಟ್‌ಗೆ ಆ ಮಿತಿ ಇಲ್ಲ. ವಿಂಡೋಸ್, ಮ್ಯಾಕ್, ಐಫೋನ್ ಎಲ್ಲವೂ ಅದನ್ನು ಓದಿ ಬರೆಯುತ್ತವೆ. ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಐಫೋನ್ ಬ್ಯಾಕಪ್‌ಗೆ ಅದರಲ್ಲಿ ಒಂದು ತೊಡಕಿದೆ. ಈ ಬ್ಯಾಕಪ್ ಒಂದು ದೊಡ್ಡ ಫೈಲ್ ಅಲ್ಲ. ತೆರೆದು ನೋಡಿದರೆ ಎರಡೆರಡು ಅಕ್ಷರದ ಹೆಸರಿನ ನೂರಾರು ಫೋಲ್ಡರ್, ಒಂದೊಂದರೊಳಗೆ 40 ಅಕ್ಷರದ ವಿಚಿತ್ರ ಹೆಸರಿನ ಪುಟ್ಟ ಪುಟ್ಟ ಫೈಲ್‌ಗಳು. ಅಕ್ಕನ ಫೋನಿನದು ಲಕ್ಷದ ಮೇಲಿತ್ತು. ದೊಡ್ಡ ಡಿಸ್ಕ್ ಅನ್ನು ವಿಂಡೋಸ್ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವಾಗ, ನಾವು ಏನೂ ಬದಲಾಯಿಸದಿದ್ದರೆ, ಜಾಗವನ್ನು 128 ಕೆಬಿಯ ತುಂಡುಗಳಾಗಿ ಹಂಚುತ್ತದೆ. 2 ಕೆಬಿಯ ಫೈಲ್ ಆದರೂ ಒಂದು ಪೂರ್ತಿ ತುಂಡು ಹಿಡಿದುಕೊಳ್ಳುತ್ತದೆ. ಸೇರು ಹಿಡಿಯುವ ಡಬ್ಬಿಯಲ್ಲಿ ಒಂದು ಚಿಟಿಕೆ ಅರಿಶಿನ ಇಟ್ಟ ಹಾಗೆ. ಬ್ಯಾಕಪ್ ಫೋಲ್ಡರ್‌ನ 'ಪ್ರಾಪರ್ಟೀಸ್'ನಲ್ಲಿ 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಅಂತ ಎರಡು ಲೆಕ್ಕ ಇರುತ್ತದೆ ನೋಡಿ, ಅಕ್ಕನದರಲ್ಲಿ ಒಂದು 61 ಜಿಬಿ, ಇನ್ನೊಂದು 70 ದಾಟಿತ್ತು. ವಿಂಡೋಸ್‌ನದೇ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಆ ತುಂಡು ಸಾಮಾನ್ಯವಾಗಿ 4 ಕೆಬಿ ಮಾತ್ರ, ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇನ್ನೊಂದು ವಿಷಯ. ಕರೆಂಟ್ ಹೋಗಿಯೋ ಕೇಬಲ್ ಜಾರಿಯೋ ಬರೆಯುವಾಗ ನಡುವೆ ನಿಂತರೆ, ಎಕ್ಸ್‌ಫ್ಯಾಟ್‌ಗೆ ತಾನು ಎಲ್ಲಿದ್ದೆ ಅಂತ ನೆನಪಿಟ್ಟುಕೊಳ್ಳುವ ಜರ್ನಲ್ ಇಲ್ಲ. ಎನ್‌ಟಿಎಫ್‌ಎಸ್‌ಗೆ ಇದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಡಿಸ್ಕ್ ವಿಂಡೋಸ್ ಲ್ಯಾಪ್‌ಟಾಪ್‌ಗೆ ಮಾತ್ರ ಹಾಕುವುದಾದರೆ ಎನ್‌ಟಿಎಫ್‌ಎಸ್. ಮ್ಯಾಕ್‌ಗೆ ಮಾತ್ರ ಆದರೆ ಆಪಲ್‌ನದೇ ಫಾರ್ಮ್ಯಾಟ್ ಆದ ಎಪಿಎಫ್‌ಎಸ್. ಎರಡಕ್ಕೂ ಬೇಕು, ಅಥವಾ ಡಿಸ್ಕನ್ನು ನೇರವಾಗಿ ಫೋನಿಗೇ ಸಿಕ್ಕಿಸಬೇಕು ಅಂದರೆ ಮಾತ್ರ ಎಕ್ಸ್‌ಫ್ಯಾಟ್. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಅದಕ್ಕೆ ಬರೆಯುವುದಿಲ್ಲ. ಫಾರ್ಮ್ಯಾಟ್ ಬದಲಾಯಿಸಿದರೆ ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಳೆಯ ಫೋಟೊ ಏನಾದರೂ ಇದ್ದರೆ ಮೊದಲು ಬೇರೆ ಕಡೆ ತೆಗೆದಿಡಿ.

ಬ್ಯಾಕಪ್ ಅನ್ನು ಹೊರಗಿನ ಡಿಸ್ಕ್‌ಗೆ ಕಳಿಸುವುದು

ಐಫೋನಿನ ಬ್ಯಾಕಪ್ ಯಾವಾಗಲೂ ಸಿ ಡ್ರೈವ್‌ನ ಒಂದೇ ಫೋಲ್ಡರ್‌ಗೆ ಹೋಗುತ್ತದೆ. ಆ ಜಾಗ ಬದಲಾಯಿಸಲು ಬಿಡುವುದಿಲ್ಲ. ನಾವು ಮಾಡುವ ಉಪಾಯ ಏನೆಂದರೆ, ಆ ಫೋಲ್ಡರ್ ಇರುವ ಕಡೆ ಒಂದು ಕೈಮರ ನೆಡುವುದು: "ಇಲ್ಲಲ್ಲ, ಆ ಡಿಸ್ಕ್‌ಗೆ ಹೋಗು" ಅಂತ. ಆ್ಯಪ್‌ಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಮೊದಲು ಡಿಸ್ಕ್‌ಗೆ ಒಂದು ಖಾಯಂ ಅಕ್ಷರ ಕೊಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ನಿಮ್ಮ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡ್ರೈವ್ ಅಕ್ಷರ ಬದಲಾಯಿಸುವ ಆಯ್ಕೆ ಸಿಗುತ್ತದೆ. ನಾನು ಪಿ ಕೊಟ್ಟೆ. ಇದನ್ನು ಬಿಟ್ಟರೆ ಇವತ್ತು ಇ ಆಗಿದ್ದ ಡಿಸ್ಕ್, ನಾಳೆ ಪೆನ್‌ಡ್ರೈವ್ ಒಂದು ಮೊದಲೇ ಸಿಕ್ಕಿಸಿದ್ದರೆ ಎಫ್ ಆಗಿಬಿಡುತ್ತದೆ, ಕೈಮರ ತೋರಿಸುವ ದಾರಿಯಲ್ಲಿ ಏನೂ ಇರುವುದಿಲ್ಲ, ಬ್ಯಾಕಪ್ ಎರರ್ ಕೊಡುತ್ತದೆ. ಒಂದು ವಾರ ಸರಿಯಾಗಿ ನಡೆದು ಆಮೇಲೆ ಕೈಕೊಟ್ಟಿದೆ ಅಂದರೆ ಮೊದಲು ಈ ಅಕ್ಷರ ನೋಡಿ.

ಆಮೇಲೆ ಹಳೆಯ ಫೋಲ್ಡರ್ ಹುಡುಕಿ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಂಡ ಆ್ಯಪ್ ಆದರೆ ನಿಮ್ಮ ಯೂಸರ್ ಫೋಲ್ಡರ್ ಒಳಗೆ 'ಆಪಲ್', ಅದರೊಳಗೆ 'ಮೊಬೈಲ್‌ಸಿಂಕ್', ಅದರೊಳಗೆ 'ಬ್ಯಾಕಪ್'. ಆಪಲ್ ಸೈಟಿನಿಂದ ಇಳಿಸಿದ ಐಟ್ಯೂನ್ಸ್ ಆದರೆ 'ಆ್ಯಪ್‌ಡೇಟಾ', 'ರೋಮಿಂಗ್', 'ಆಪಲ್ ಕಂಪ್ಯೂಟರ್', 'ಮೊಬೈಲ್‌ಸಿಂಕ್', ಕೊನೆಗೆ 'ಬ್ಯಾಕಪ್'. ಆ್ಯಪ್‌ಡೇಟಾ ಅಡಗಿರುತ್ತದೆ, 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕಿ.

ಆ್ಯಪ್ ಮುಚ್ಚಿ. 'ಬ್ಯಾಕಪ್' ಫೋಲ್ಡರನ್ನು ಪೂರ್ತಿ ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ ಅಂತ ಪ್ರಾಪರ್ಟೀಸ್‌ನಲ್ಲಿ ನೋಡಿ. ಇದ್ದರೆ, ಸಿ ಡ್ರೈವ್‌ನ ಹಳೆಯದಕ್ಕೆ 'ಬ್ಯಾಕಪ್ ಹಳೆಯದು' ಅಂತ ಹೆಸರು ಬದಲಾಯಿಸಿ. ಇನ್ನೂ ಡಿಲೀಟ್ ಮಾಡಬೇಡಿ.

ಈಗ 'ಕಮಾಂಡ್ ಪ್ರಾಂಪ್ಟ್' ತೆರೆಯಿರಿ. ಪವರ್‌ಶೆಲ್ ಅಲ್ಲ, ಈ ಕಮಾಂಡ್ ಅದರಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಎಂ ಕೆ ಎಲ್ ಐ ಎನ್ ಕೆ ಅಂತ ಸೇರಿಸಿ ಬರೆದು, ಒಂದು ಸ್ಪೇಸ್, ಸ್ಲ್ಯಾಶ್ ಜೆ, ಮತ್ತೆ ಸ್ಪೇಸ್, ಡಬಲ್ ಕೋಟ್ಸ್ ಒಳಗೆ ಸಿ ಡ್ರೈವ್‌ನಲ್ಲಿ ಮೊದಲಿದ್ದ 'ಬ್ಯಾಕಪ್' ಫೋಲ್ಡರಿನ ಪೂರ್ತಿ ವಿಳಾಸ (ಹೆಸರು ಬದಲಾಯಿಸುವ ಮುಂಚಿನದು), ಸ್ಪೇಸ್, ಮತ್ತೆ ಡಬಲ್ ಕೋಟ್ಸ್ ಒಳಗೆ ಡಿಸ್ಕ್‌ನಲ್ಲಿರುವ ಹೊಸ ಫೋಲ್ಡರಿನ ವಿಳಾಸ. ಎಂಟರ್. ಕೋಟ್ಸ್ ಮರೆತರೆ 'ಆಪಲ್ ಕಂಪ್ಯೂಟರ್' ನಡುವಿನ ಸ್ಪೇಸ್‌ನಲ್ಲೇ ಎಡವುತ್ತದೆ. 'ಆ ಫೈಲ್ ಈಗಾಗಲೇ ಇದೆ' ಅಂತ ಬಂದರೆ ಹಳೆಯ ಫೋಲ್ಡರಿನ ಹೆಸರು ಬದಲಾಗಿಲ್ಲ ಅಂತ ಅರ್ಥ. ಸರಿಯಾದರೆ ಅಲ್ಲೊಂದು ಪುಟ್ಟ ಬಾಣದ ಗುರುತಿನ ಫೋಲ್ಡರ್ ಕಾಣುತ್ತದೆ. ಒಂದು ಹೊಸ ಬ್ಯಾಕಪ್ ತೆಗೆದು, ಅದು ಡಿಸ್ಕ್‌ನಲ್ಲೇ ಇಳಿದಿದೆ ಅಂತ ಕಣ್ಣಾರೆ ನೋಡಿದ ಮೇಲೆ ಹಳೆಯದನ್ನು ತೆಗೆಯಿರಿ.

ಮ್ಯಾಕ್‌ನಲ್ಲೂ ಇದೇ ಕೆಲಸ, ಕಮಾಂಡ್ ಬೇರೆ: ಎಲ್ ಎನ್, ಸ್ಪೇಸ್, ಮೈನಸ್ ಎಸ್, ಆಮೇಲೆ ಮೊದಲು ಹೊಸ ಜಾಗ, ನಂತರ ಹಳೆಯ ಜಾಗ. ವಿಂಡೋಸ್‌ಗೆ ತಿರುಗಾಮುರುಗಾ. ಕಮಾಂಡ್ ಬರೆಯುವ ಟರ್ಮಿನಲ್ ಆ್ಯಪ್‌ಗೆ 'ಫುಲ್ ಡಿಸ್ಕ್ ಆ್ಯಕ್ಸೆಸ್' ಕೊಡದಿದ್ದರೆ ಒಳಗೇ ಬಿಡುವುದಿಲ್ಲ. ಮತ್ತೆ ಡಿಸ್ಕಿನ ಹೆಸರು ಬದಲಾಯಿಸಬೇಡಿ, ಮ್ಯಾಕ್ ಅಕ್ಷರದಿಂದ ಅಲ್ಲ, ಹೆಸರಿನಿಂದ ಹುಡುಕುತ್ತದೆ.

ತುಂಬಾ ನಿಧಾನ, ಅಥವಾ ಡಿಸ್ಕ್ ಕಾಣಿಸುತ್ತಲೇ ಇಲ್ಲ

ಫೋನಿನ ಜೊತೆ ಬರುವ ಕೇಬಲ್ ಹೆಚ್ಚಾಗಿ ಯುಎಸ್‌ಬಿ 2ರದು. ಎರಡೂ ತುದಿ ಟೈಪ್-ಸಿ ಇದ್ದ ಮಾತ್ರಕ್ಕೆ ವೇಗ ಬರುವುದಿಲ್ಲ. ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ಕರೆ ಅದೇ ಜಾಸ್ತಿ, 100 ಜಿಬಿಗೆ ಕಡಿಮೆ ಅಂದರೂ ಮುಕ್ಕಾಲು ಗಂಟೆ, ಪುಟ್ಟ ಫೈಲ್‌ಗಳಾದರೆ ಅದರ ಎರಡು ಮೂರು ಪಟ್ಟು. ರಾತ್ರಿ ಹಾಕಿ ಮಲಗಿ, ಆದರೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಸೆಟ್ಟಿಂಗ್ ಮಾಡಿ ಮಲಗಿ.

ಡಿಸ್ಕನ್ನು ನೇರವಾಗಿ ಫೋನಿಗೇ ಸಿಕ್ಕಿಸಿದಾಗ ಟಿಕ್... ಟಿಕ್... ಅಂತ ಸಣ್ಣ ಸದ್ದು ಬಂದು, ಲೈಟ್ ಮಿನುಗಿ, ಏನೂ ಕಾಣಿಸದೆ ಹೋಗುತ್ತದೆ ಅಲ್ವಾ? ಅದರ ಮೇಲೆ ಕೈಯಿಟ್ಟು ನೋಡಿ. ತಿರುಗಲು ಶುರುಮಾಡಿ ನಿಲ್ಲುವುದು, ಮತ್ತೆ ಶುರುಮಾಡುವುದು ಬೆರಳಿಗೆ ತಿಳಿಯುತ್ತದೆ. ಆ ಡಿಸ್ಕನ್ನು ತಿರುಗಿಸುವಷ್ಟು ಕರೆಂಟ್ ಫೋನಿನಿಂದ ಬರುತ್ತಿಲ್ಲ. ಐಫೋನ್ 15 ಮತ್ತು ಅದರ ನಂತರದವು ಹೆಚ್ಚೆಂದರೆ 4.5 ವಾಟ್ ಕೊಡುತ್ತವೆ, ತಿರುಗುವ ಹಾರ್ಡ್‌ಡಿಸ್ಕ್‌ಗೆ ಶುರುವಿನಲ್ಲಿ ಅಷ್ಟು ಸಾಲದೆ ಹೋಗಬಹುದು. ಬಲವಂತ ಮಾಡಬೇಡಿ. ಬೇರೆ ಚಾರ್ಜರ್ ಹಾಕುವ ಯುಎಸ್‌ಬಿ ಹಬ್ ನಡುವೆ ಇಡಿ, ಇಲ್ಲವೇ ತಿರುಗುವ ಭಾಗವೇ ಇಲ್ಲದ ಪುಟ್ಟ ಎಸ್‌ಎಸ್‌ಡಿ ಬಳಸಿ. ಲ್ಯಾಪ್‌ಟಾಪ್‌ಗೆ ಹಾಕಿದಾಗಲೂ ಅದೇ ಸದ್ದು ಬಂದರೆ ಮಾತ್ರ ಡಿಸ್ಕ್ ಬಗ್ಗೆ ಚಿಂತೆ ಮಾಡಿ.

500 ರೂಪಾಯಿಗೆ 2 ಟಿಬಿ ಅಂತ ಮಾರುವ ಪೆನ್‌ಡ್ರೈವ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಒಳಗೆ ಚೂರು ಜಾಗ ಇಟ್ಟು, 2 ಟಿಬಿ ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ಅವು ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೋಟೊ ತೆರೆದಾಗ ಮಾತ್ರ ತೆರೆಯುವುದಿಲ್ಲ.

ಆಂಡ್ರಾಯ್ಡ್ ಆದರೆ

ಸ್ಯಾಮ್‌ಸಂಗ್‌ನವರಿಗೆ ಸುಲಭ, 'ಸ್ಮಾರ್ಟ್ ಸ್ವಿಚ್' ಹೊರಗಿನ ಡಿಸ್ಕ್‌ಗೆ ನೇರವಾಗಿ ಬ್ಯಾಕಪ್ ಮಾಡುತ್ತದೆ. ಉಳಿದವರು ಕೇಬಲ್ ಹಾಕಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ, 'ಡಿಸಿಐಎಂ' ಮತ್ತು 'ಪಿಕ್ಚರ್ಸ್' ಕಾಪಿ ಮಾಡಬಹುದು. ಹತ್ತು ಸಾವಿರ ಫೋಟೊ ಒಟ್ಟಿಗೆ ಎಳೆದರೆ ನಡುವೆ ಸಿಕ್ಕಿಕೊಳ್ಳುತ್ತದೆ, ಐನೂರು ಐನೂರು ತೆಗೆಯಿರಿ. ವಾಟ್ಸ್‌ಆ್ಯಪ್ ಈಗ 'ಆಂಡ್ರಾಯ್ಡ್', 'ಮೀಡಿಯಾ' ಫೋಲ್ಡರಿನೊಳಗೆ 'ಕಾಮ್ ಡಾಟ್ ವಾಟ್ಸ್‌ಆ್ಯಪ್' ಅಂತ ಇರುತ್ತದೆ. ಅದನ್ನು ಪೂರ್ತಿ ತೆಗೆದುಕೊಳ್ಳಿ. ಬರೀ ಫೋಟೊ ಫೋಲ್ಡರ್ ತೆಗೆದರೆ ವಾಯ್ಸ್ ಮೆಸೇಜ್ ಹಿಂದೆ ಉಳಿದುಹೋಗುತ್ತವೆ.

ಐಕ್ಲೌಡ್ ಫೋಟೊಸ್ ಆನ್ ಇದೆಯಾ?

ಇದು ನನ್ನನ್ನು ನಿಜವಾಗಿ ಹೆದರಿಸಿದ ವಿಷಯ. ಐಕ್ಲೌಡ್ ಫೋಟೊಸ್ ಆನ್ ಇದ್ದರೆ, ಅಲ್ಲಿಗೆ ಹೋದ ಫೋಟೊಗಳು ಕಂಪ್ಯೂಟರ್ ಬ್ಯಾಕಪ್‌ನಲ್ಲಿ ಸೇರುವುದೇ ಇಲ್ಲ. ಡಿಸ್ಕ್‌ನಲ್ಲಿ ಬ್ಯಾಕಪ್ ಇದೆ ಅಂತ ನಂಬಿ ಐಕ್ಲೌಡ್ ಖಾಲಿ ಮಾಡಿದರೆ ಎರಡೂ ಕಡೆ ಇರುವುದಿಲ್ಲ. ಫೋಟೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ. ಕೇಬಲ್‌ನಲ್ಲಿ ಕಾಪಿ ಮಾಡುವಾಗ 'ಡಿವೈಸ್ ಕೆಲಸ ಮಾಡುತ್ತಿಲ್ಲ' ಅಂತ ನಡುನಡುವೆ ನಿಂತರೆ, ಫೋನಿನ ಫೋಟೊಸ್ ಸೆಟ್ಟಿಂಗ್‌ನಲ್ಲಿ ಕೊನೆಗೆ 'ಕೀಪ್ ಒರಿಜಿನಲ್ಸ್' ಆರಿಸಿ.

ಹಾಗೆಯೇ, ಒಂದೇ ಫೋನಿನ ಹೊಸ ಬ್ಯಾಕಪ್ ಹಳೆಯದರ ಮೇಲೇ ಕೂರುತ್ತದೆ. ಇವತ್ತು ಫೋನಿನಲ್ಲಿ ಒಂದು ಚಾಟ್ ಅಳಿಸಿದರೆ ನಾಳೆಯ ಬ್ಯಾಕಪ್‌ನಲ್ಲೂ ಅದು ಇರುವುದಿಲ್ಲ. ಮುಖ್ಯವಾದ ಬ್ಯಾಕಪ್ ಆದ ದಿನ ಆ ಇಡೀ ಫೋಲ್ಡರಿನ ಇನ್ನೊಂದು ಕಾಪಿಯನ್ನು ತಾರೀಕು ಹಾಕಿ ಬೇರೆ ಇಡಿ.

'ಎನ್‌ಕ್ರಿಪ್ಟ್' ಟಿಕ್ ಹಾಕಿ, ಆಗ ಪಾಸ್‌ವರ್ಡ್‌ಗಳು, ಹೆಲ್ತ್ ಮಾಹಿತಿ ಕೂಡ ಬರುತ್ತವೆ. ಆದರೆ ಎನ್‌ಕ್ರಿಪ್ಟ್ ಮಾಡುವಾಗ ಕೊಟ್ಟ ಪಾಸ್‌ವರ್ಡ್ ಮರೆತರೆ ಆ ಬ್ಯಾಕಪ್ ಅನ್ನು ಆಪಲ್‌ನವರೂ ತೆರೆದುಕೊಡಲಾರರು. ಅಕ್ಕ ಅದನ್ನು ಗ್ಯಾಸ್ ಬುಕ್ ಇಡುವ ಫೈಲಿನೊಳಗೆ ಚೀಟಿಯಲ್ಲಿ ಬರೆದಿಟ್ಟಿದ್ದಾಳೆ.

ಸಂಜೆ ಅವಳ ಹಳೆಯ ಐಫೋನನ್ನು ರೀಸೆಟ್ ಮಾಡಿ, ಡಿಸ್ಕ್‌ನ ಬ್ಯಾಕಪ್ ಅನ್ನು ಅದಕ್ಕೆ ಹಾಕಿ ನೋಡಿದೆವು. ವಾಟ್ಸ್‌ಆ್ಯಪ್ ತೆರೆದು ಅಮ್ಮನ ಹೆಸರು ಒತ್ತಿ ಒಂದು ವಾಯ್ಸ್ ಮೆಸೇಜ್ ಹಾಕಿದಳು. "ಊಟ ಆಯ್ತೇನೇ?" ಅಂತ ಕೇಳಿಸಿತು. ಆಮೇಲೆಯೇ ಲ್ಯಾಪ್‌ಟಾಪ್‌ನಲ್ಲಿದ್ದ 'ಬ್ಯಾಕಪ್ ಹಳೆಯದು' ಡಿಲೀಟ್ ಮಾಡಿದ್ದು. ಇನ್ನೊಂದು ಕಾಪಿ ಈಗ ನನ್ನ ಮನೆಯ ಬೀರುವಿನಲ್ಲಿದೆ.